ವರಲಕ್ಷ್ಮಿ ಹತ್ತಿಗೆ ದೊಡ್ಡ ಪ್ರಶಸ್ತಿ ಯಾಕೆ ಬರಲಿಲ್ಲ? ಧಾರವಾಡದ ಒಂದು ಪ್ರಕರಣ

1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಎಂಬ ಹತ್ತಿ ಬಿಡುಗಡೆಯಾಯಿತು. ಅದನ್ನು ರೂಪಿಸಿದವರು ಡಾ. ಬಿ.ಎಚ್. ಕಟರಕಿ. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ, ಆ ಕೂಡಿಕೆಯ ಬೀಜವನ್ನು ರೈತ ರೊಕ್ಕ ಕೊಟ್ಟು ಕೊಂಡು ಬಿತ್ತುವ ಮಟ್ಟಕ್ಕೆ ತಂದದ್ದು ಜಗತ್ತಿನಲ್ಲೇ ಅದು ಮೊದಲು. ಹತ್ತಿ ತಳಿಶಾಸ್ತ್ರದ ಇತಿಹಾಸ ಇದನ್ನು ಒಪ್ಪಿಕೊಂಡಿದೆ. ಆದರೆ ಜಗತ್ತಿನ ದೊಡ್ಡ ಪ್ರಶಸ್ತಿಗಳ ಪಟ್ಟಿ ತೆಗೆದು ನೋಡಿದರೆ ಈ ಕೆಲಸ ಸಿಗುವುದಿಲ್ಲ. ನೊಬೆಲ್‌ನಲ್ಲಿ ಇಲ್ಲ, ವಿಶ್ವ ಆಹಾರ ಪ್ರಶಸ್ತಿಯಲ್ಲಿ ಇಲ್ಲ, ಇಸ್ರೇಲಿನ ವುಲ್ಫ್ ಪ್ರಶಸ್ತಿಯಲ್ಲೂ ಇಲ್ಲ.

ನಾನು ಜೀವಶಾಸ್ತ್ರದ ಮಾಸ್ತರ. ಅಕ್ಟೋಬರಿನಲ್ಲಿ ನೊಬೆಲ್ ಘೋಷಣೆಯಾದಾಗ ಕ್ಲಾಸಿನಲ್ಲಿ ಯಾರಾದರೊಬ್ಬರು "ನಮ್ಮವ್ರಿಗೆ ಯಾಕ ಬರೂದಿಲ್ರೀ ಸರ್?" ಎಂದು ಕೇಳಿಯೇ ಕೇಳುತ್ತಾರೆ. ಆಗ ನೊಬೆಲ್ ಸಿಗದೆ ಹೋದ ನಮ್ಮ ವಿಜ್ಞಾನಿಗಳಾದ ಸತ್ಯೇಂದ್ರನಾಥ ಬೋಸ್, ಜಿ.ಎನ್. ರಾಮಚಂದ್ರನ್, ಇ.ಸಿ.ಜಿ. ಸುದರ್ಶನ್ ಅವರ ಹೆಸರುಗಳು ಬರುತ್ತವೆ, ಅನ್ಯಾಯವಾಯಿತು ಎಂಬ ಮಾತು ಬರುತ್ತದೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಅನ್ಯಾಯ ಎಂದರೆ ಸಾಲದು, ಅದು ಹೇಗೆ ಆಗುತ್ತದೆ ಎಂದು ತಿಳಿಯಬೇಕು. ಅದಕ್ಕೆ ನಮ್ಮ ಮಣ್ಣಿನದೇ ಒಂದು ಪ್ರಕರಣ ಹಿಡಿದರೆ ಒಳ್ಳೆಯದು ಅನಿಸಿ ಇದನ್ನು ಬರೆದಿದ್ದೇನೆ. ನನಗೆ ತಿಳಿದ ಮಟ್ಟಿಗೆ ಇಲ್ಲಿ ಯಾರೂ ಕುತಂತ್ರ ಮಾಡಲಿಲ್ಲ, ಯಾರ ಹೆಸರನ್ನೂ ಯಾರೂ ಅಳಿಸಲಿಲ್ಲ. ದೊಡ್ಡ ಪ್ರಶಸ್ತಿ ಒಂದು ಸಾಧನೆಯನ್ನು ಗುರುತಿಸಲು ಕೆಲವು ಲಕ್ಷಣ ಹುಡುಕುತ್ತದೆ: ಒಬ್ಬ ವ್ಯಕ್ತಿ, ಒಂದು ಹೊಸ ವಿಚಾರ, ಅದು ಹೊಳೆದ ಒಂದು ಗಳಿಗೆ, ಹೆಸರು ಸೂಚಿಸುವ ಒಬ್ಬ ಬಲ್ಲಿದ. ವರಲಕ್ಷ್ಮಿಯ ಹಿರಿಮೆ ಈ ನಾಲ್ಕರ ಹೊರಗೆ ಇತ್ತು.

ಕೆಲಸ ಯಾವುದು

ಜಗತ್ತಿನಲ್ಲಿ ಬೆಳೆಯುವ ಹತ್ತಿಯಲ್ಲಿ ನಾಲ್ಕು ಪ್ರಭೇದಗಳಿವೆ. ಹರ್ಬೇಸಿಯಂ, ಆರ್ಬೋರಿಯಂ ಎರಡೂ ಏಷ್ಯಾ-ಆಫ್ರಿಕಾ ಕಡೆಯವು, 26 ವರ್ಣತಂತುಗಳವು. ನಮ್ಮ ಎರಿ ಭೂಮಿಯ ಜಯಧರ ಹತ್ತಿ ಹರ್ಬೇಸಿಯಂ ಜಾತಿಯದು. ಹಿರ್ಸುಟಂ ಮತ್ತು ಬಾರ್ಬಡೆನ್ಸ್ ಅಮೆರಿಕ ಖಂಡದಿಂದ ಬಂದವು, ಅವುಗಳಲ್ಲಿ 52 ವರ್ಣತಂತು. ಹಿರ್ಸುಟಂ ಧಾರವಾಡ ಸೀಮೆಗೆ 19ನೇ ಶತಮಾನದಲ್ಲೇ ಬಂದು ಬೇರೂರಿತ್ತು. 'ಧಾರವಾಡ-ಅಮೆರಿಕನ್' ಎಂಬ ಹೆಸರಿನಲ್ಲೇ ಅದರ ಅರಳೆ ಮಾರಾಟವಾಗುತ್ತಿತ್ತು. ಅದು ಇಳುವರಿ ಕೊಡುತ್ತದೆ, ನಮ್ಮ ಹವೆಗೆ ಒಗ್ಗುತ್ತದೆ, ಆದರೆ ಎಳೆ ಬಾರ್ಬಡೆನ್ಸ್‌ನಷ್ಟು ಉದ್ದವಲ್ಲ. ಈಜಿಪ್ಟಿನ ಹೆಸರುವಾಸಿ ಹತ್ತಿ ಬಾರ್ಬಡೆನ್ಸ್ ಜಾತಿಯದು. ಎಳೆ ಉದ್ದ, ನಯ, ಗಟ್ಟಿ. ಆದರೆ ಇಲ್ಲಿ ಬಿತ್ತಿದರೆ ಕೈಗೆ ಬರುವುದು ತಡ, ಬರುವುದೂ ಕಡಿಮೆ.

ಕಟರಕಿಯವರು ಲಕ್ಷ್ಮಿ ಎಂಬ ಹಿರ್ಸುಟಂ ತಳಿಯನ್ನು ಹೆಣ್ಣು ಮಾಡಿ, ಎಸ್‌ಬಿ 289 ಇ ಎಂಬ ಬಾರ್ಬಡೆನ್ಸ್ ತಳಿಯನ್ನು ಗಂಡು ಮಾಡಿ ಕೂಡಿಸಿದರು. ಮೊದಲ ಪೀಳಿಗೆಯ ಗಿಡ ತಂದೆ-ತಾಯಿ ಇಬ್ಬರಿಗಿಂತ ಹುಲುಸಾಗಿ ಬೆಳೆಯಿತು, ಎಳೆಯೂ ಉದ್ದ ಬಂತು. ಇದಕ್ಕೆ ಸಂಕರ ಹುರುಪು ಎನ್ನುತ್ತಾರೆ.

ಪ್ರಶಸ್ತಿಯ ದೃಷ್ಟಿಯಿಂದ ಮೊದಲ ತೊಡಕು ಇಲ್ಲೇ ಇದೆ. ಹತ್ತಿಯಲ್ಲಿ ಸಂಕರ ಹುರುಪು ಇದೆ ಎಂಬುದು ಹೊಸ ಸಂಗತಿಯಾಗಿರಲಿಲ್ಲ. ಅಮೆರಿಕದ ಮೆಲ್ ಎಂಬ ವಿಜ್ಞಾನಿ 1894ರಲ್ಲೇ ಅದನ್ನು ಬರೆದಿದ್ದ. ವಿಚಾರ ಎಪ್ಪತ್ತೆಂಟು ವರ್ಷ ಹಳೆಯದು, ಅದು ಹೊಲಕ್ಕೆ ಬಂದಿರಲಿಲ್ಲ ಅಷ್ಟೇ. ಯಾಕೆಂದರೆ ಹೀಗೆ ಕೂಡಿಸಿ ಮಾಡಿದ ಹೈಬ್ರಿಡ್ ಬೀಜವನ್ನು ಒಮ್ಮೆ ಬಿತ್ತಿ, ಬೆಳೆದದ್ದರಲ್ಲೇ ಮರುವರ್ಷಕ್ಕೆ ಬೀಜ ತೆಗೆದಿಟ್ಟುಕೊಳ್ಳಲು ಬರುವುದಿಲ್ಲ. ಎರಡನೇ ಪೀಳಿಗೆಯಲ್ಲಿ ಗುಣಗಳೆಲ್ಲ ಚೆದುರಿ, ಒಂದು ಗಿಡ ಎತ್ತರ, ಒಂದು ಗಿಡ ಕುಳ್ಳ, ಒಂದರ ಕಾಯಿ ದಪ್ಪ, ಇನ್ನೊಂದರಲ್ಲಿ ಕಾಯಿಯೇ ಇಲ್ಲ ಎಂಬಂತಾಗುತ್ತದೆ. ಎರಡು ಪ್ರಭೇದ ಕೂಡಿಸಿದಾಗ ಈ ಚೆದುರಾಟ ಇನ್ನೂ ಹೆಚ್ಚು. ಆದ್ದರಿಂದ ಪ್ರತಿ ವರ್ಷ ಹೊಸದಾಗಿ ಗಂಡು-ಹೆಣ್ಣು ಕೂಡಿಸಿಯೇ ಬೀಜ ಮಾಡಬೇಕು.

ಗೋವಿನಜೋಳದಲ್ಲಾದರೆ ಗಂಡು ಹೂವು ಗಿಡದ ತುದಿಯಲ್ಲಿ, ಹೆಣ್ಣು ಹೂವು ನಡುವಿನ ತೆನೆಯಲ್ಲಿ. ತುದಿ ಮುರಿದು ಹಾಕಿದರೆ ಆಯಿತು, ಮುಂದಿನದನ್ನು ಗಾಳಿ ಮಾಡುತ್ತದೆ. ಹತ್ತಿಯಲ್ಲಿ ಗಂಡು-ಹೆಣ್ಣು ಒಂದೇ ಹೂವಿನೊಳಗಿವೆ, ಹೂವು ತನ್ನ ಪರಾಗವನ್ನೇ ತಾನು ತೆಗೆದುಕೊಂಡುಬಿಡುತ್ತದೆ. ಪ್ರತಿ ಮೊಗ್ಗಿನ ಗಂಡು ಭಾಗವನ್ನು ಅರಳುವ ಮೊದಲೇ ತೆಗೆಯಬೇಕು. ಹೆಬ್ಬೆರಳಿನ ಉಗುರಿನಿಂದ ಅದನ್ನು ಸುಲಿದು ತೆಗೆಯುವ ವಿಧಾನವನ್ನು ಡೋಕ್ ಎಂಬ ಅಮೆರಿಕನ್ 1934ರಲ್ಲಿ ಪ್ರಕಟಿಸಿದ್ದ. ಆದರೆ ಅಮೆರಿಕದಲ್ಲಿ ಆಳಿನ ಕೂಲಿ ಲೆಕ್ಕ ಹಾಕಿದವರಿಗೆ ಇದು ಪರವಡುವ ಮಾತಾಗಿರಲಿಲ್ಲ.

ಪರವಡುತ್ತದೆ ಎಂದು ಮೊದಲು ತೋರಿಸಿದ್ದು ಸೂರತ್. ಅಲ್ಲಿಯ ಸಿ.ಟಿ. ಪಟೇಲ್ 1970ರಲ್ಲಿ ಎಚ್-4 ಎಂಬ ಹೈಬ್ರಿಡ್ ಹತ್ತಿ ತಂದರು. ಅದರ ತಂದೆ-ತಾಯಿ ಎರಡೂ ಹಿರ್ಸುಟಂ. ಎರಡು ವರ್ಷಕ್ಕೆ ಧಾರವಾಡ ಇನ್ನೊಂದು ಹೆಜ್ಜೆ ಮುಂದಿಟ್ಟು ಪ್ರಭೇದದ ಗಡಿಯನ್ನೇ ದಾಟಿತು. ಎಚ್-4 ಬಂದಿತ್ತು ಎಂಬ ಕಾರಣಕ್ಕೆ ವರಲಕ್ಷ್ಮಿಯನ್ನು ಎರಡನೆಯದು ಎಂದು ಎಣಿಸುವವರಿದ್ದಾರೆ. ಆ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ಬೇರೆ ಕಾಲಕ್ಕೆ ಹೂ ಬಿಡುವ, ಬೇರೆ ಗುಣದ ಎರಡು ಗಿಡಗಳನ್ನು ಒಂದೇ ಹೊಲದಲ್ಲಿ ಒಂದೇ ಹೊತ್ತಿಗೆ ಹೂವಿಗೆ ತರುವುದು ಬೇರೆಯೇ ಕಸಬು. ತಡವಾಗಿ ಹೂ ಬಿಡುವ ಗಂಡು ತಳಿಯನ್ನು ಮುಂಚೆ ಬಿತ್ತುವ ಲೆಕ್ಕಾಚಾರದಿಂದಲೇ ಅದು ಶುರುವಾಗುತ್ತದೆ. ಇನ್ನು, ಮೊದಲಿಗನಾದರೆ ಪ್ರಶಸ್ತಿ ಖಚಿತ ಎನ್ನುವವರಿಗೆ ಒಂದು ಮಾತು: ಮೊದಲನೆಯದಾದ ಎಚ್-4ಕ್ಕೂ ಆ ಮೂರು ಪ್ರಶಸ್ತಿಗಳು ಬರಲಿಲ್ಲ.

ಕ್ರಾಸಿಂಗ್

ಹಾವೇರಿ ಜಿಲ್ಲೆಯಲ್ಲಿ, ಅದರಲ್ಲೂ ರಾಣೆಬೆನ್ನೂರು ಸುತ್ತ, ಹೈಬ್ರಿಡ್ ಬೀಜ ಮಾಡುವುದು ದೊಡ್ಡ ಉದ್ಯೋಗ. ಊರವರು ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಅಂಥದೊಂದು ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಮಧ್ಯಾಹ್ನ ಮೂರರ ಮೇಲೆ ಕೆಲಸ ಶುರು. ನಾಳೆ ಅರಳುವ ಮೊಗ್ಗನ್ನು ನೋಡಿದ ಕೂಡಲೇ ಗುರುತಿಸಬೇಕು: ದಳ ಉದ್ದವಾಗಿ ಹೊರಚಾಚಿರುತ್ತದೆ, ಬಿಚ್ಚಿರುವುದಿಲ್ಲ. ಎಡಗೈಯಲ್ಲಿ ಮೊಗ್ಗಿನ ಬುಡ ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ದಳದ ಬುಡಕ್ಕೆ ಊರಿ ಸುತ್ತ ತಿರುವಿದರೆ ದಳವೂ ಕೇಸರಗಳೂ ಒಂದೇ ತುಂಡಾಗಿ ಕಳಚಿ ಬರುತ್ತವೆ. ಒಳಗಿನ ಪುಟ್ಟ ಅಂಡಾಶಯ ಮತ್ತು ಅದರ ಮೇಲಿನ ಕಡ್ಡಿ ಮಾತ್ರ ಉಳಿಯಬೇಕು. ಉಗುರು ಒಂದಿಷ್ಟು ಆಳಕ್ಕೆ ಹೋದರೆ ಅಂಡಾಶಯ ಗೀರಿ ಕಾಯಿ ಉದುರುತ್ತದೆ. ಆಳ ಕಡಿಮೆಯಾದರೆ ಕೇಸರದ ಚೂರು ಉಳಿದು ಹೂವು ತನಗೆ ತಾನೇ ಫಲ ಕಟ್ಟುತ್ತದೆ, ಬೀಜ ಹೈಬ್ರಿಡ್ ಆಗುವುದಿಲ್ಲ. ಸುಲಿದ ಮೊಗ್ಗಿಗೆ ಕೆಂಪು ತೆಳು ಕಾಗದದ ಚೀಲ ತೊಡಿಸುತ್ತಾರೆ, ಮರುದಿನ ದೂರದಿಂದಲೇ ಕಾಣಲಿ ಎಂದು.

ಮುಂಜಾನೆ ಒಂಬತ್ತೂವರೆ ಹೊತ್ತಿಗೆ ಗಂಡು ಸಾಲಿನ ಹೂವು ಕಿತ್ತು ತರುತ್ತಾರೆ. ಗಂಡು ಬಾರ್ಬಡೆನ್ಸ್ ಆದರೆ ಹೂವು ಅಚ್ಚ ಹಳದಿ, ಪ್ರತಿ ದಳದ ಬುಡದಲ್ಲಿ ಕಡುಗೆಂಪು ಮಚ್ಚೆ. ಚೀಲ ತೆಗೆದು, ನಿನ್ನೆ ಸುಲಿದ ಮೊಗ್ಗಿನ ಕಡ್ಡಿಗೆ ಆ ಹೂವಿನ ಪರಾಗ ತಾಗಿಸಿ, ತೊಟ್ಟಿಗೆ ದಾರ ಕಟ್ಟುತ್ತಾರೆ. ದಾರ ಇದ್ದ ಕಾಯಿ ಮಾತ್ರ ಬೀಜಕ್ಕೆ. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂವಿಗೆ ಸಾಕು. ಬಿಸಿಲು ಏರುವುದರೊಳಗೆ ಮುಗಿಸಬೇಕು. ಎರಡು ತಿಂಗಳು ಹೀಗೆ ದಿನ ತಪ್ಪದೆ.

ಆ ಹೊಲದಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳು ಉಳಿದವರಿಗಿಂತ ಎರಡು ಸಾಲು ಮುಂದಿದ್ದರು. "ಯಕ್ಕಾರ, ದಿನಕ್ಕ ಎಷ್ಟ ಹೂವು ಆಗ್ತಾವ?" ಎಂದೆ.

"ಲೆಕ್ಕಾ ಯಾರ ಇಡ್ತಾರ್ರೀ ಮಾಸ್ತರ. ಸಂಜಿಮುಂದ ಮಗ್ಗಿ ಸುಲಿಯೂದು, ಮುಂಜಾನೆ ಗಂಡ ಹಚ್ಚೂದು. ಒಂದ ಮಗ್ಗಿ ಬಿಟ್ರೂ ಬೀಜ ಫೇಲ್ ಅಂತಾರ. ಫೇಲ್ ಆತಂದ್ರ ಹೊಲದವ್ರ ರೊಕ್ಕಾ ಹೋತು, ನಮ್ಮ ಕೂಲಿನೂ ಹಿಂದ ಬಿತ್ತು."

ಫೇಲ್ ಎಂದರೆ, ಕಂಪನಿಯವರು ಬೀಜದ ಮಾದರಿ ಬಿತ್ತಿ ಬೆಳೆಸಿ ಶುದ್ಧತೆ ನೋಡುವ ಪರೀಕ್ಷೆಯಲ್ಲಿ ಬೀಜ ಪಾಸಾಗದೆ ಇರುವುದು.

ಮಕ್ಕಳಿಂದ ಹೊಲದಲ್ಲೇ ಒಂದು ಲೆಕ್ಕ ಮಾಡಿಸಿದೆ. ಒಂದು ಎಕರೆಗೆ ಕೊಡುವ ಹತ್ತಿ ಬೀಜದ ಪ್ಯಾಕೆಟ್ ಸುಮಾರು 450 ಗ್ರಾಂ. ನೂರು ಕಾಳು ಸುಮಾರು 9 ಗ್ರಾಂ ಎಂದು ಹಿಡಿದರೆ ಪ್ಯಾಕೆಟ್ಟಿನಲ್ಲಿ 5,000 ಕಾಳು. ಕಾಯಿಗೆ 25 ಕಾಳಿನಂತೆ 200 ಕಾಯಿ. ಕ್ರಾಸ್ ಮಾಡಿದ್ದರಲ್ಲಿ ಅರ್ಧ ಉದುರುತ್ತದೆ ಎಂದರೆ 400 ಹೂವು, ಒಂದೊಂದು ಹೂವಿಗೂ ಎರಡೆರಡು ಸಲ ಕೈ. ರೈತ ಅಂಗಡಿಯಿಂದ ತರುವ ಒಂದು ಪ್ಯಾಕೆಟ್ಟಿನ ಹಿಂದೆ ಎಂಟುನೂರು ಸಲ ಕೈ ಆಡಿದೆ. ಇದು ಅಂದಾಜು ಲೆಕ್ಕವೇ, ಆದರೂ ಮಕ್ಕಳು ಆಮೇಲೆ ಬಹಳ ಹೊತ್ತು ಆ ಸಾಲುಗಳಲ್ಲೇ ನಿಂತು ನೋಡಿದರು.

ವರಲಕ್ಷ್ಮಿಯ ನಿಜವಾದ ಸಾಧನೆ ಇದು. ಪ್ರಯೋಗದ ಮಡಿಯಲ್ಲಿ ಹತ್ತು ಹೂವು ಕೂಡಿಸುವುದು ಯಾವ ಕಾಲೇಜಿನಲ್ಲೂ ಆಗುವ ಕೆಲಸ. ಅದನ್ನು ಸಾವಿರಾರು ಎಕರೆಗೆ ಸಾಲುವಷ್ಟು, ಶುದ್ಧತೆ ಕೆಡದಂತೆ, ರೈತನಿಗೆ ನಿಲುಕುವ ಬೆಲೆಯಲ್ಲಿ, ಪ್ರತಿ ವರ್ಷ ಮಾಡುವ ವ್ಯವಸ್ಥೆ ಕಟ್ಟುವುದು ಬೇರೆ. ತಳಿ ತಜ್ಞ, ಕೇಂದ್ರದ ಸಿಬ್ಬಂದಿ, ಬೀಜ ಬೆಳೆಯುವ ರೈತ, ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳು ಎಲ್ಲರೂ ಕೂಡಿ ಆಗುವಂಥದು. ಪ್ರಶಸ್ತಿ ಪತ್ರದಲ್ಲಿ ಎರಡು ಸಾಲಿನಲ್ಲಿ ಇದನ್ನು ಹೇಳುವುದು ಕಷ್ಟ.

ಮಾರುಕಟ್ಟೆಯಲ್ಲಿ

ಆಗ ನಮ್ಮ ದೇಶದ ಗಿರಣಿಗಳು ಸಣ್ಣ ನೂಲಿಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ಈಜಿಪ್ಟ್, ಸುಡಾನಿನಿಂದ ತರಿಸುತ್ತಿದ್ದವು. ವಿದೇಶಿ ವಿನಿಮಯದ ಬರಗಾಲದ ದಿನಗಳು ಅವು. ವರಲಕ್ಷ್ಮಿ ಬಂದ ಮೇಲೆ, ಅದರ ಬೆನ್ನಿಗೆ 1981ರಲ್ಲಿ ಧಾರವಾಡದಿಂದಲೇ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಬಂದ ಮೇಲೆ ಆ ಅವಲಂಬನೆ ಕುಗ್ಗಿತು. ಡಿಸಿಎಚ್ ಎಳೆ 34 ಮಿಲಿಮೀಟರ್ ಆಸುಪಾಸು. 80, 100 ನಂಬರಿನ, ಅಂದರೆ ಬಹಳ ಸಣ್ಣ ನೂಲು ತೆಗೆಯಲು ಬರುವಂಥದು. ಆಂಧ್ರ, ತಮಿಳುನಾಡಿನ ರೈತರೂ ವರಲಕ್ಷ್ಮಿ ಬಿತ್ತಿದರು. ಹುಬ್ಬಳ್ಳಿಯ ಹಳೆಯ ದಲಾಲಿ ಅಂಗಡಿಗಳಲ್ಲಿ ಇವತ್ತಿಗೂ ಹಿರಿಯರು ಹತ್ತಿಯ ಮಾತು ಬಂದರೆ "ವರಲಕ್ಷ್ಮಿ ಕಾಲದಾಗ" ಎಂದು ಶುರುಮಾಡುತ್ತಾರೆ. ಒಂದು ಬೆಳೆಯಿಂದ ಕಾಲವನ್ನು ಅಳೆಯುವುದು ಸಣ್ಣ ಮಾತಲ್ಲ.

ಪ್ರಶಸ್ತಿಗಳು ಎಲ್ಲಿ ನೋಡುತ್ತವೆ

ಆಲ್‌ಫ್ರೆಡ್ ನೊಬೆಲ್ 1895ರ ಉಯಿಲಿನಲ್ಲಿ ಐದು ವಿಷಯ ಬರೆದಿಟ್ಟ: ಭೌತಶಾಸ್ತ್ರ, ರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಅಥವಾ ವೈದ್ಯಕೀಯ, ಸಾಹಿತ್ಯ, ಶಾಂತಿ. ಕೃಷಿ ಇಲ್ಲ. ಮಾನವಕುಲಕ್ಕೆ ಅತಿ ಹೆಚ್ಚು ಉಪಕಾರ ಮಾಡಿದವರಿಗೆ ಕೊಡಿ ಎಂದು ಆತ ಬರೆದದ್ದು ನಿಜ, ಆದರೆ ಉಪಕಾರ ಈ ಐದು ಬಾಗಿಲುಗಳಿಂದಲೇ ಬರಬೇಕು. ಹೆಚ್ಚು ಇಳುವರಿಯ ಗೋಧಿ ತಳಿ ತಂದ ನಾರ್ಮನ್ ಬೋರ್ಲಾಗ್‌ಗೆ 1970ರಲ್ಲಿ ನೊಬೆಲ್ ಬಂದದ್ದು ಶಾಂತಿಯ ಬಾಗಿಲಿನಿಂದ. ಹಸಿವು ತಗ್ಗಿದರೆ ಶಾಂತಿ ಎಂಬ ವಾದ ಅಲ್ಲಿ ನಿಂತಿತು. ಅರಳೆಗೆ ಆ ವಾದ ಹೂಡಲು ಬರುವುದಿಲ್ಲ.

ಈ ಕೊರತೆ ಬೋರ್ಲಾಗ್‌ಗೂ ಕಂಡಿತ್ತು. ಅವರೇ ಮುಂದೆ ನಿಂತು 1986ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಹುಟ್ಟುಹಾಕಿದರು. 1987ರಲ್ಲಿ ಮೊದಲನೆಯದು ಎಂ.ಎಸ್. ಸ್ವಾಮಿನಾಥನ್ ಅವರಿಗೆ ಸಂದಿತು. ಆದರೆ ಅದು ಆಹಾರದ ಪ್ರಶಸ್ತಿ. ಹತ್ತಿಕಾಳಿನಿಂದ ಎಣ್ಣೆ ಬರುತ್ತದೆ, ಹಿಂಡಿ ದನಕ್ಕೆ ಹೋಗುತ್ತದೆ ಎಂದು ವಾದಿಸಬಹುದು, ಆದರೂ ಹತ್ತಿ ಬೆಳೆಯುವುದು ಬಟ್ಟೆಗೆ.

2004ರ ವಿಶ್ವ ಆಹಾರ ಪ್ರಶಸ್ತಿಯನ್ನು ಇಲ್ಲಿ ಇಟ್ಟು ನೋಡಬೇಕು. ಆ ವರ್ಷ ಇಬ್ಬರಿಗೆ ಹಂಚಿಕೆಯಾಯಿತು. ಒಬ್ಬರು ಚೀನಾದ ಯುವಾನ್ ಲಾಂಗ್‌ಪಿಂಗ್, ಹೈಬ್ರಿಡ್ ಭತ್ತಕ್ಕಾಗಿ. ಇನ್ನೊಬ್ಬರು ಸಿಯೆರಾ ಲಿಯೋನಿನ ಮಾಂಟಿ ಜೋನ್ಸ್, ಏಷ್ಯಾದ ಭತ್ತ ಮತ್ತು ಆಫ್ರಿಕಾದ ಭತ್ತ ಎಂಬ ಎರಡು ಪ್ರಭೇದಗಳನ್ನು ಕೂಡಿಸಿ ನೆರಿಕಾ ತಳಿಗಳನ್ನು ತಂದದ್ದಕ್ಕಾಗಿ. ತನ್ನ ಪರಾಗವನ್ನು ತಾನೇ ತೆಗೆದುಕೊಳ್ಳುವ ಬೆಳೆಯಲ್ಲಿ ಹೈಬ್ರಿಡ್ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಒಂದು ಸಾಧನೆ, ಪ್ರಭೇದದ ಗಡಿ ದಾಟಿ ರೈತನ ಹೊಲ ಮುಟ್ಟಿದ್ದು ಇನ್ನೊಂದು. ವರಲಕ್ಷ್ಮಿಯಲ್ಲಿ ಎರಡೂ ಒಟ್ಟಿಗೆ ಇದ್ದವು, ಅದೂ 1972ರಲ್ಲಿ. ಆ ಇಬ್ಬರ ಯೋಗ್ಯತೆಯ ಬಗ್ಗೆ ನನಗೆ ಪೂರ್ತಿ ಗೌರವವಿದೆ. ಹೋಲಿಸುತ್ತಿರುವುದು ವಿಜ್ಞಾನ ಒಂದೇ ಜಾತಿಯದು ಎಂದು ತೋರಿಸಲಿಕ್ಕೆ.

ಯುವಾನ್ ಅವರಿಗೆ ಅದೇ ವರ್ಷ ವುಲ್ಫ್ ಕೃಷಿ ಪ್ರಶಸ್ತಿಯೂ ಬಂತು. ವುಲ್ಫ್‌ಗೆ ಆಹಾರವೇ ಆಗಬೇಕೆಂಬ ಕಟ್ಟಿಲ್ಲ, 1978ರಿಂದ ಕೊಡುತ್ತಿದ್ದಾರೆ. ಹಾಗಾದರೆ ಅಲ್ಲಾದರೂ ಹತ್ತಿಗೆ ಜಾಗ ಇತ್ತಲ್ಲ? ಇಲ್ಲಿ ಬೇರೆ ಕಾರಣಗಳು ಬರುತ್ತವೆ.

ಮೊದಲನೆಯದು ಕಥೆ. ಯುವಾನ್ ತಂಡಕ್ಕೆ 1970ರಲ್ಲಿ ಹೈನಾನ್ ದ್ವೀಪದಲ್ಲಿ ಗಂಡು ಬಂಜೆಯಾದ, ಅಂದರೆ ತನ್ನ ಪರಾಗ ಫಲಿಸದ, ಒಂದು ಕಾಡು ಭತ್ತದ ಗಿಡ ಸಿಕ್ಕಿತು. ಆ ಒಂದು ಗಿಡದಿಂದ ಬೀಜೋತ್ಪಾದನೆಯ ದಾರಿ ತೆರೆಯಿತು. ಹೇಳಲು ಒಂದು ಗಳಿಗೆ ಇದೆ, ತೋರಿಸಲು ಒಂದು ಗಿಡ ಇದೆ, ವಿವರಿಸಲು ಹೊಸ ತಳಿಶಾಸ್ತ್ರ ಇದೆ. ಧಾರವಾಡದಲ್ಲಿ ಅದೇ ಸಮಸ್ಯೆ ಪರಿಹಾರವಾದದ್ದು ಉಗುರಿನಿಂದ. ಗಂಡು ಬಂಜೆತನವನ್ನು ವಿಜ್ಞಾನ ಎನ್ನುತ್ತಾರೆ, ಉಗುರಿನ ಕೆಲಸವನ್ನು ಕೂಲಿ ಎನ್ನುತ್ತಾರೆ. ಫಲ ಎರಡರದೂ ಒಂದೇ: ಹೈಬ್ರಿಡ್ ಬೀಜ.

ಎರಡನೆಯದು ಹೆಸರು ಸೂಚಿಸುವವರು. ಇಂಥ ಪ್ರಶಸ್ತಿಗಳಿಗೆ ತಾನೇ ಅರ್ಜಿ ಹಾಕಲು ಬರುವುದಿಲ್ಲ. ನೊಬೆಲ್ ವಿಜ್ಞಾನ ಪ್ರಶಸ್ತಿಗಳಿಗೆ ಹಿಂದಿನ ವಿಜೇತರು, ಅಕಾಡೆಮಿ ಸದಸ್ಯರು, ಆಮಂತ್ರಣ ಪಡೆದ ಪ್ರಾಧ್ಯಾಪಕರು ಮಾತ್ರ ಹೆಸರು ಕಳಿಸಬಹುದು. ಕೋಲ್ಕತ್ತದ ಶಂಭುನಾಥ್ ಡೇ 1959ರಲ್ಲಿ ಕಾಲರಾದ ವಿಷವಸ್ತುವನ್ನು ಕಂಡುಹಿಡಿದರು. ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದವರು ಜೋಶುವಾ ಲೆಡರ್‌ಬರ್ಗ್, ಸ್ವತಃ ನೊಬೆಲ್ ಪಡೆದವರು. ಅಷ್ಟಾದರೂ ಡೇ ಅವರಿಗೆ ಬರಲಿಲ್ಲ. ಧಾರವಾಡದ ಹತ್ತಿ ಕೇಂದ್ರದಲ್ಲಿ ದುಡಿಯುವವರಿಗೆ ಲೆಡರ್‌ಬರ್ಗ್ ಅಂಥವರ ಪರಿಚಯ ಎಲ್ಲಿಂದ ಆಗಬೇಕು? ಒಂದು ತಳಿಯ ಮುಖ್ಯ ದಾಖಲೆಗಳೆಂದರೆ ವಾರ್ಷಿಕ ವರದಿ, ತಳಿ ಬಿಡುಗಡೆಯ ಪ್ರಸ್ತಾವ, ಬೇರೆ ಬೇರೆ ಊರುಗಳ ಪ್ರಯೋಗದ ಕೋಷ್ಟಕ. ನೊಬೆಲ್, ವುಲ್ಫ್ ಸಮಿತಿಗಳ ಮೇಜಿನ ಮೇಲೆ ಅವು ಇರುವುದಿಲ್ಲ.

ಮೂರನೆಯದು ಹೆಸರು ಹಂಚಿಹೋಗುವುದು. 1967ರಲ್ಲಿ ಅಖಿಲ ಭಾರತ ಸಮನ್ವಿತ ಹತ್ತಿ ಯೋಜನೆ ಶುರುವಾಗಿತ್ತು. ಒಂದು ತಳಿ ಹೊರಬರಬೇಕಾದರೆ ಹಲವು ರಾಜ್ಯಗಳ ಕೇಂದ್ರಗಳಲ್ಲಿ ಪರೀಕ್ಷೆಯಾಗಬೇಕು, ಸಮಿತಿ ಒಪ್ಪಬೇಕು. ಇದು ಒಳ್ಳೆಯ ಪದ್ಧತಿ, ರೈತನಿಗೆ ಸುಳ್ಳು ತಳಿ ಸಿಗದಂತೆ ಕಾಯುತ್ತದೆ. ಆದರೆ ಕೊನೆಗೆ ತಳಿ ಸಂಸ್ಥೆಯ ಹೆಸರಿನಲ್ಲಿ ಹೊರಬರುತ್ತದೆ, ತಜ್ಞನ ಹೆಸರು ಹಿಂದಕ್ಕೆ ಸರಿಯುತ್ತದೆ. ವರಲಕ್ಷ್ಮಿ ಬಂದಾಗ ಧಾರವಾಡ ಕೇಂದ್ರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ಧಾರವಾಡಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯ ಬಂದದ್ದು 1986ರಲ್ಲಿ. ತಳಿಯ ಮೇಲೆ ಹಕ್ಕು ದಾಖಲಿಸುವ ಕಾನೂನೂ ಆಗ ಇರಲಿಲ್ಲ, ಅದು ಆದದ್ದು 2001ರಲ್ಲಿ. ಪೇಟೆಂಟ್ ಇದ್ದ ಕಡೆ ಹೆಸರು ಕೋರ್ಟು-ಕಚೇರಿಯ ಕಾಗದದಲ್ಲಾದರೂ ಉಳಿಯುತ್ತದೆ. ಸಾರ್ವಜನಿಕ ತಳಿಯನ್ನು ಎಲ್ಲರೂ ಬಳಸಿದರು. ಯಾರಿಂದ ಪಡೆದೆವು ಎಂದು ಬರೆದಿಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ದೇಶದೊಳಗಿನ ಮಾತೂ ಒಂದಿಷ್ಟು ಹೀಗೇ. ಭಟ್ನಾಗರ್ ಪ್ರಶಸ್ತಿಯ ಏಳು ವಿಭಾಗಗಳಲ್ಲಿ ಕೃಷಿಗೆ ಬೇರೆ ವಿಭಾಗ ಇರಲಿಲ್ಲ, 45 ವರ್ಷದೊಳಗಿನವರಿಗೆ ಎಂಬ ಮಿತಿಯೂ ಇತ್ತು. ಕೃಷಿ ವಿಜ್ಞಾನಿಗಳಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) ಕೊಡುತ್ತಿದ್ದ ರಫಿ ಅಹ್ಮದ್ ಕಿದ್ವಾಯಿಯಂಥ ಪ್ರಶಸ್ತಿಗಳು ಬೇರೆ ಇದ್ದವು, ಆದರೆ ಅವು ಆ ಇಲಾಖೆಯ ಆವರಣದ ಆಚೆ ಸುದ್ದಿಯಾಗುತ್ತಿರಲಿಲ್ಲ.

ನಾಲ್ಕನೆಯ ಕಾರಣ ಕಾಲ. ದೊಡ್ಡ ಪ್ರಶಸ್ತಿಗಳು ಇಪ್ಪತ್ತು-ಮೂವತ್ತು ವರ್ಷ ಕಾದು ಕೊಡುತ್ತವೆ. ಗೋವಿನಜೋಳದ ಜೀನು ಜಾಗ ಬದಲಿಸುತ್ತದೆ ಎಂದು ಬಾರ್ಬರಾ ಮೆಕ್ಲಿಂಟಾಕ್ ಕಂಡುಕೊಂಡದ್ದು 1940ರ ದಶಕದಲ್ಲಿ, ನೊಬೆಲ್ ಬಂದದ್ದು 1983ರಲ್ಲಿ. ತತ್ವ ಹಳೆಯದಾದರೂ ಕೆಡುವುದಿಲ್ಲ. ತಳಿ ಹಾಗಲ್ಲ, ಅದಕ್ಕೆ ಆಯುಷ್ಯ ಇದೆ. ಹೊಸ ಹೈಬ್ರಿಡ್ ಬರುತ್ತದೆ, ಹೊಸ ಹುಳು ಬರುತ್ತದೆ, ರೈತ ಬದಲಿಸುತ್ತಾನೆ. ಸಮಿತಿಗಳು ನೋಡುವ ಹೊತ್ತಿಗೆ ವರಲಕ್ಷ್ಮಿ ಹೊಲದಲ್ಲಿರಲಿಲ್ಲ.

ಎದುರು ವಾದ

ಪ್ರಕರಣವನ್ನು ಪ್ರಾಮಾಣಿಕವಾಗಿ ಬರೆಯಬೇಕೆಂದರೆ ವರಲಕ್ಷ್ಮಿಯ ಇನ್ನೊಂದು ಮುಖವನ್ನೂ ಇಡಬೇಕು. ಬಾರ್ಬಡೆನ್ಸ್ ರಕ್ತದ ಹೈಬ್ರಿಡ್‌ಗಳು ಹೊಲದಲ್ಲಿ ಬಹಳ ದಿನ ನಿಲ್ಲುತ್ತವೆ, ಆರು ತಿಂಗಳು ದಾಟುತ್ತವೆ. ಅಷ್ಟು ದಿನ ಕಾಯಿಕೊರಕ ಹುಳುವಿಗೂ ಮೇವು. ಕೀಟನಾಶಕ ಹೊಡೆಯುವುದು ಹೆಚ್ಚಿತು, ಗೊಬ್ಬರ ಹೆಚ್ಚಿತು, ಬೀಜ ಪ್ರತಿ ವರ್ಷ ಕೊಳ್ಳಬೇಕಾಯಿತು. ನೀರು ಮತ್ತು ಬಂಡವಾಳ ಇದ್ದವರು ಮೇಲೆ ಬಂದರು. ಮಳೆಯನ್ನೇ ನಂಬಿದವರು ಸಾಲಕ್ಕೆ ಬಿದ್ದದ್ದೂ ಉಂಟು. ನವಲಗುಂದ, ನರಗುಂದದ ಕಡೆ ಕಡಿಮೆ ಖರ್ಚಿನ ಜಯಧರವನ್ನು ಹಿರಿಯರು ಈಗಲೂ ನೆನೆಯುತ್ತಾರೆಂದರೆ ಅದಕ್ಕೆ ಕಾರಣವಿದೆ.

ಕ್ರಾಸಿಂಗ್ ಹೊಲಗಳಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ದುಡಿಸಿದ್ದು ಇನ್ನೂ ಗಂಭೀರ ವಿಷಯ. ಸಣ್ಣ ಬೆರಳು, ಗಿಡದ ಎತ್ತರ, ಕಡಿಮೆ ಕೂಲಿ ಎಂಬ ನೆಪ ಹೇಳಿ ಆಂಧ್ರ, ಗುಜರಾತ್, ಕರ್ನಾಟಕ ಮೂರೂ ಕಡೆ ಇದು ನಡೆದಿದೆ, ದಾಖಲಾಗಿದೆ. ಅಮೆರಿಕದಲ್ಲಿ ಪರವಡದ್ದು ಇಲ್ಲಿ ಪರವಡಿತು ಎಂದೆನಲ್ಲ, ಆ ಪರವಡುವಿಕೆಯಲ್ಲಿ ಈ ಮಕ್ಕಳ ಪಾಲೂ ಇದೆ. ಇದನ್ನು ಮರೆತು ವರಲಕ್ಷ್ಮಿಗೆ ಪ್ರಶಸ್ತಿ ಕೇಳುವುದು ನನ್ನಿಂದಾಗದು.

ಆದರೆ ಇಂಥ ತಕರಾರನ್ನು ಸಮಿತಿಗಳು ಪರಿಶೀಲಿಸಿ, ತೂಗಿ, ಬೇಡ ಎಂದವೆ? ಹಸಿರು ಕ್ರಾಂತಿಯ ಗೋಧಿಗೂ ನೀರು, ಗೊಬ್ಬರ, ಸಾಲದ ತಕರಾರು ಇತ್ತು, ಪ್ರಶಸ್ತಿ ಬಂತು. ತಕರಾರು ಇದ್ದದ್ದಕ್ಕೆ ಪ್ರಶಸ್ತಿ ತಪ್ಪಿತು ಎಂಬ ವಾದ ಆದ್ದರಿಂದ ನಿಲ್ಲುವುದಿಲ್ಲ.

ಆಮೇಲೆ ಆದದ್ದು

2002ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕವನ್ನು ತಡೆಯಲು ಬ್ಯಾಕ್ಟೀರಿಯಾದ ಜೀನು ಸೇರಿಸಿದ ಹತ್ತಿಗೆ, ಒಪ್ಪಿಗೆ ಕೊಟ್ಟಿತು. ಅಮೆರಿಕ, ಚೀನಾದಲ್ಲಿ ಬಿಟಿ ಜೀನು ಬಂದದ್ದು ಹೆಚ್ಚಾಗಿ ಸಾಮಾನ್ಯ ತಳಿಗಳಲ್ಲಿ. ನಮ್ಮಲ್ಲಿ ಬಂದದ್ದು ಹೈಬ್ರಿಡ್‌ಗಳಲ್ಲಿ. ಯಾಕೆಂದರೆ ಎಚ್-4 ಮತ್ತು ವರಲಕ್ಷ್ಮಿ ಹಾಕಿಕೊಟ್ಟ ಹಾದಿಯಲ್ಲಿ ಮೂವತ್ತು ವರ್ಷದಿಂದ ಕ್ರಾಸಿಂಗ್ ಹೊಲಗಳು, ಪಳಗಿದ ಕೈಗಳು, ಪ್ರತಿ ವರ್ಷ ಬೀಜ ಕೊಳ್ಳುವ ರೈತರು ಎಲ್ಲ ಸಿದ್ಧವಿದ್ದರು. ಇವತ್ತು ದೇಶದ ಹತ್ತಿ ಹೊಲದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೈಬ್ರಿಡ್. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೈಯಿಂದ ಕೂಡಿಸಿದ ಹತ್ತಿ ಬೆಳೆಯುವ ದೇಶ ಇನ್ನೊಂದಿಲ್ಲ.

2013ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಮಾರ್ಕ್ ವಾನ್ ಮಾಂಟಗು, ಮೇರಿ-ಡೆಲ್ ಚಿಲ್ಟನ್, ರಾಬರ್ಟ್ ಫ್ರೇಲಿ ಮೂವರಿಗೆ ಬಂತು, ಸಸ್ಯಕ್ಕೆ ಹೊರಗಿನ ಜೀನು ಸೇರಿಸುವ ತಂತ್ರಕ್ಕಾಗಿ. ಫ್ರೇಲಿ ಆಗ ಬಿಟಿ ಹತ್ತಿಯ ಜೀನು ತಂದ ಮಾನ್ಸಾಂಟೊ ಕಂಪನಿಯಲ್ಲಿದ್ದರು. ಭಾರತದ ಮಟ್ಟಿಗೆ ಆ ತಂತ್ರ ರೈತನನ್ನು ಮುಟ್ಟಿದ್ದು ಹತ್ತಿಯ ಮೂಲಕ, ಹತ್ತಿಯಲ್ಲೂ ಹೈಬ್ರಿಡ್ ಮೂಲಕ. ಗಾಡಿಯಲ್ಲಿ ಕುಳಿತು ಬಂದವನನ್ನು ಊರಿನವರು ಹಾರ ಹಾಕಿ ಇಳಿಸಿಕೊಂಡರು, ಗಾಡಿ ಕಟ್ಟಿದ ಬಡಿಗೇರನನ್ನು ಯಾರೂ ಕೇಳಲಿಲ್ಲ. ಆ ಮೂವರ ಕೆಲಸ ಸಣ್ಣದಲ್ಲ. ಆದರೆ ಹತ್ತಿ ಆಹಾರವಲ್ಲ ಎಂಬ ಬೇಲಿ ಜೀನಿಗೆ ಅಡ್ಡಬರಲಿಲ್ಲ ಎನ್ನುವುದನ್ನು ಗಮನಿಸಬೇಕು. ಜೀನು ಸೇರಿಸುವುದು ಎಲ್ಲ ಬೆಳೆಗೂ ಅನ್ವಯಿಸುವ ತತ್ವ ಎಂದು ಎಣಿಸಲಾಯಿತು. ವರಲಕ್ಷ್ಮಿ ಒಂದು ಬೆಳೆಯ, ಒಂದು ಸೀಮೆಯ, ಒಂದು ಕೌಶಲದ ಕೆಲಸ ಎಂದು ಎಣಿಕೆಯಾಯಿತು.

ಈಗ ಮಾಡಬಹುದಾದದ್ದು

ಕಳೆದ ಪ್ರಶಸ್ತಿ ಮರಳಿ ಬರುವುದಿಲ್ಲ, ಅದಕ್ಕಾಗಿ ಮನವಿ ಬರೆಯುವುದರಲ್ಲಿ ನನಗೆ ಆಸಕ್ತಿಯೂ ಇಲ್ಲ. ಆದರೆ ದಾಖಲೆಯ ಕೊರತೆ ಒಂದು ಕಾರಣ ಎಂದಾದರೆ ದಾಖಲೆ ಮಾಡುವುದು ನಮ್ಮ ಕೈಯಲ್ಲಿದೆ. 1970ರ ದಶಕದಲ್ಲಿ ವರಲಕ್ಷ್ಮಿ ಬೀಜ ಬೆಳೆದ ರೈತರು, ಕ್ರಾಸಿಂಗ್ ಮಾಡಿದ ಹೆಣ್ಣುಮಕ್ಕಳು ಈಗ ಎಪ್ಪತ್ತರ ಆಚೀಚೆ. ರಾಣೆಬೆನ್ನೂರು, ಬ್ಯಾಡಗಿ, ಕುಂದಗೋಳ, ಶಿರಹಟ್ಟಿ ತಾಲ್ಲೂಕಿನಿಂದ ನಮ್ಮಲ್ಲಿಗೆ ಓದಲು ಬರುವ ಮಕ್ಕಳ ಮನೆಗಳಲ್ಲೇ ಅಂಥ ಅಜ್ಜ-ಅಮ್ಮಂದಿರಿದ್ದಾರೆ.

ಪ್ರಾಜೆಕ್ಟಿಗೆ ಮಕ್ಕಳಿಗೆ ಈ ಸಲ ಒಂದು ನೋಟ್‌ಬುಕ್ ಹಾಕಿಸಿದ್ದೇನೆ. ಅದರಲ್ಲಿ ಬರೆಯಬೇಕಾದದ್ದು: ಊರು, ಬಿತ್ತಿದ ವರ್ಷ, ಯಾವ ತಳಿ, ಹೆಣ್ಣು ಸಾಲಿಗೆ ಗಂಡು ಸಾಲು ಎಷ್ಟು, ಗಂಡು ಎಷ್ಟು ದಿನ ಮುಂಚೆ ಬಿತ್ತಿದರು, ಆಗಿನ ದಿನಗೂಲಿ, ಕೆಲಸಕ್ಕೆ ಬಂದ ಮಕ್ಕಳ ವಯಸ್ಸು, ಮೊಗ್ಗು ಸುಲಿಯುವುದನ್ನು ಮೊದಲು ಕಲಿಸಿದವರು ಯಾರು. ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ ಎಂದು ಒತ್ತಿ ಹೇಳಿದ್ದೇನೆ. ಕೇಂದ್ರದ ಸಿಬ್ಬಂದಿ ಯಾವ ಊರಿಗೆ ಮೊದಲು ಹೋದರು, ಅಲ್ಲಿಂದ ಕೌಶಲ ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬ ನಕ್ಷೆಯನ್ನು ಆ ಉತ್ತರಗಳಿಂದಲೇ ಕಟ್ಟಬೇಕು. ಹಳೆಯ ಬೀಜದ ಚೀಟಿ, ದಲಾಲಿ ಅಂಗಡಿಯ ಪಟ್ಟಿ, ಸಂಘದ ಪಾವತಿ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ಫೋಟೊ ತೆಗೆದುಕೊಂಡು ಬರಲಿಕ್ಕೆ ಹೇಳಿದ್ದೇನೆ. ಮೂಲ ಕಾಗದ ಮನೆಯವರ ಹತ್ತಿರವೇ ಇರಲಿ.